ತಬಲಾ ಹಿಡಿದು ಹಿಂದೆ ಕೂತ ಗುರು: ಪಂಚಾಕ್ಷರಿ ಗವಾಯಿಗಳು

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಂದವರಿಗೆ ಶ್ರಾವಣದ ಪುರಾಣ ಗೊತ್ತೇ ಇರುತ್ತೆ. ಶಾಸ್ತ್ರಿಗಳು ಕಥೆ ಹೇಳ್ತಾರೆ, ಪಕ್ಕದಲ್ಲಿ ಪೇಟಿ ಮುಂದೆ ಗವಾಯಿಗಳು, ಆ ಕಡೆ ತಬಲಾದವರು. ಕಥೆ ಸ್ವಲ್ಪ ಉದ್ದ ಆಯ್ತು, ಮಂದಿ ತೂಕಡಿಸಾಕ ಹತ್ತಿದರು ಅನ್ನೋ ಹೊತ್ತಿಗೆ ಗವಾಯಿಗಳು ಒಂದು ಹಾಡು ಎತ್ತುತ್ತಾರೆ, ಎಲ್ಲರೂ ಎದ್ದು ಕೂಡ್ತಾರೆ. ಎಲ್ಲಿ ಕಲಿತಿರಿ ಅಂತ ಅವರನ್ನ ಕೇಳಿದರೆ ಎಷ್ಟೋ ಸಲ ಬರೋ ಉತ್ತರ ಗದಗಿನ ವೀರೇಶ್ವರ ಪುಣ್ಯಾಶ್ರಮ. ಆ ಆಶ್ರಮ ಕಟ್ಟಿದವರ ಬಗ್ಗೆ ಈ ಲೇಖನ.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಈಗಿನ ಹಾವೇರಿ ಜಿಲ್ಲೆ ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಮನೆಯಲ್ಲಿ ಇಟ್ಟ ಹೆಸರು ಗದಿಗೆಯ್ಯ. ಅವರಿಗೂ ಕಣ್ಣಿಲ್ಲ, ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಆ ಕಾಲದ ಬಡ ಮನೆಯಲ್ಲಿ ಕಣ್ಣಿಲ್ಲದ ಇಬ್ಬರು ಗಂಡುಮಕ್ಕಳು ಅಂದರೆ ಅಪ್ಪ ಅಮ್ಮನ ಚಿಂತೆ ಎಂಥದ್ದಿರಬೇಕು ಯೋಚನೆ ಮಾಡಿ. ಹೊಲದ ಕೆಲಸ ಆಗಲ್ಲ, ಸಾಲಿ ಇಲ್ಲ. ಆದರೆ ಹುಡುಗರಿಗೆ ಕಂಠ ಇತ್ತು. ಅದನ್ನ ಗುರುತಿಸಿದವರು ಹಾನಗಲ್ ಕುಮಾರಸ್ವಾಮಿಗಳು. ಇಬ್ಬರನ್ನೂ ಕರ್ಕೊಂಡು ಹೋಗಿ ಸಂಗೀತ ಕಲಿಯೋಕೆ ಹಚ್ಚಿದರು. ಅಣ್ಣ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ತಮ್ಮ ಒಬ್ಬನೇ ಉಳಿದ.

ಆ ತಮ್ಮ ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ಹಿಂದೂಸ್ತಾನಿ ಕಡೆ ಹೊರಳಿ ಮಿರಜದ ನೀಲಕಂಠ ಬುವಾ ಅವರ ಹತ್ತಿರ ಕಲಿತರು. ಮಲ್ಲಿಕಾರ್ಜುನ ಮನಸೂರ ಅವರಿಗೂ ಗುರು ಆಗಿದ್ದವರು ಇದೇ ಬುವಾ. ಎರಡೂ ಪದ್ಧತಿ ಕಲಿತದ್ದಕ್ಕೆ ಜನ ಅವರನ್ನ ಉಭಯಗಾನ ವಿಶಾರದ ಅಂತ ಕರೆದರು. ಹಾಡೋದರ ಜೊತೆಗೆ ತಬಲಾ, ಪೇಟಿ ಎಲ್ಲಾ ಕೈಗೆ ಹತ್ತಿತ್ತು.

ಇಷ್ಟು ವಿದ್ಯೆ ಇದ್ದವರು ಮುಂದೆ ಏನ್ ಮಾಡಬಹುದಿತ್ತು? ದೊಡ್ಡ ದೊಡ್ಡ ಊರಲ್ಲಿ ಕಛೇರಿ ಮಾಡಿ ಹೆಸರು, ದುಡ್ಡು ಎರಡೂ ಗಳಿಸಬಹುದಿತ್ತು. ಅವರು ಹಿಡಿದ ದಾರಿ ಬೇರೆ. ತಮ್ಮ ಹಾಗೇ ಕಣ್ಣಿಲ್ಲದ, ಗತಿ ಇಲ್ಲದ ಹುಡುಗರನ್ನ ಕೂಡಿಸಿಕೊಂಡು ಊರೂರು ತಿರುಗೋ ಸಂಗೀತ ಶಾಲೆ ಶುರು ಮಾಡಿದರು. ಫೀಸ್ ಇಲ್ಲ, ಜಾತಿ ಕೇಳೋದಿಲ್ಲ. ಊಟ, ಬಟ್ಟೆ, ಪಾಠ ಎಲ್ಲಾ ಗುರುವಿನದೇ.

ಕಣ್ಣಿಲ್ಲದ ಹುಡುಗನಿಗೆ ಸಂಗೀತ ಕಲಿಸೋದು ಹೇಗೆ? ಕಣ್ಣಿಂದ ಓದೋ ಪುಸ್ತಕ, ಸ್ವರಲಿಪಿ ನಡೆಯಲ್ಲ. ಗುರು ಒಂದು ಸಾಲು ಹಾಡಬೇಕು, ಶಿಷ್ಯ ತಿರುಗಿ ಹಾಡಬೇಕು, ಸರಿ ಹೋಗೋವರೆಗೂ ಇದೇ. ತೀನ್ ತಾಲದ 16 ಮಾತ್ರೆ ಕೈಯಲ್ಲಿ ಹಾಕ್ತಾ ಹಾಕ್ತಾ ಮೈಗೆ ಇಳಿಬೇಕು. ಪೇಟಿಯ ಕಪ್ಪು ಪಟ್ಟಿಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿ ಎದ್ದು ನಿಂತಿರುತ್ತವೆ. ಬೆರಳಿಗೆ ಅದೇ ಗುರುತು. ಕಣ್ಣಿದ್ದವರು ನೋಡಿ ಹುಡುಕೋ ಸ್ವರವನ್ನ ಇವರು ಮುಟ್ಟಿ ಹುಡುಕ್ತಾರೆ.

ಪಾಠ ಏನೋ ಸರಿ, ಅಷ್ಟು ಮಂದಿಗೆ ಊಟ ಎಲ್ಲಿಂದ ಬರಬೇಕು? ಜೋಳಿಗೆ ಹಿಡಿದು ಭಕ್ತರ ಮನೆಗೆ ಹೋಗೋದು ಒಂದು ದಾರಿ. ಇನ್ನೊಂದು, ನಾಟಕ ಕಂಪನಿ. ಆಗ ಉತ್ತರ ಕರ್ನಾಟಕದಲ್ಲಿ ನಾಟಕ ಅಂದರೆ ಈಗಿನ ಸಿನಿಮಾ ಇದ್ದ ಹಾಗೆ. ಕನ್ನಡದ ಮೊದಲ ಟಾಕಿ ಸತಿ ಸುಲೋಚನ ಬಂದಿದ್ದೇ 1934ರಲ್ಲಿ. ನಾಟಕಕ್ಕೆ ಜನ ಬರ್ತಿದ್ದದ್ದು ಹಾಡಿಗಾಗಿ, ಮತ್ತು ಗವಾಯಿಗಳ ಹತ್ತಿರ ಹಾಡೋರಿಗೆ, ಬಾರಿಸೋರಿಗೆ ಬರ ಇರಲಿಲ್ಲ. ಹಾಗಾಗಿ ಕಲಿತ ವಿದ್ಯೆಯೇ ಹುಡುಗರಿಗೆ ಅನ್ನ ಆಯ್ತು. ನಾಟಕ ಓಡಿದರೆ ಊಟಕ್ಕೆ ಚಿಂತೆ ಇಲ್ಲ. ಓಡದಿದ್ದರೆ ಮತ್ತೆ ಜೋಳಿಗೆ.

ಹೆಚ್ಚುಕಡಿಮೆ ಇದೇ ಕಾಲದಲ್ಲಿ ಅಮೆರಿಕದಲ್ಲಿ ಜಾಜ್ ಬ್ಯಾಂಡ್‌ಗಳೂ ಊರೂರು ತಿರುಗ್ತಿದ್ದವು. ಡ್ಯೂಕ್ ಎಲಿಂಗ್ಟನ್ ತಮ್ಮ ಬ್ಯಾಂಡನ್ನ ದಕ್ಷಿಣದ ರಾಜ್ಯಗಳಿಗೆ ಕರ್ಕೊಂಡು ಹೋಗುವಾಗ ಕಪ್ಪು ಜನರಿಗೆ ಹೋಟೆಲಲ್ಲಿ ರೂಮ್ ಕೊಡ್ತಿರಲಿಲ್ಲ. ಅದಕ್ಕೆ ಅವರು ರೈಲಿನ ಬೋಗಿಗಳನ್ನೇ ಬಾಡಿಗೆಗೆ ತಗೊಂಡು ತಮ್ಮವರನ್ನ ಅದರಲ್ಲೇ ಮಲಗಿಸಿದರು. ಬ್ಯಾಂಡ್ ಲೀಡರ್ ಅಂದರೆ ಸ್ಟೇಜ್ ಮೇಲೆ ಮುಂದೆ ನಿಲ್ಲೋನು ಅಂತ ನಾವು ಅಂದ್ಕೊಂಡಿರ್ತೀವಿ. ತನ್ನವರ ಊಟ, ನಿದ್ದೆ, ಮರ್ಯಾದೆ ನೋಡ್ಕೊಳ್ಳೋದು ಅವನ ಅರ್ಧ ಕೆಲಸ. ಗವಾಯಿಗಳದ್ದು ಇನ್ನೂ ಕಷ್ಟ ಯಾಕಂದ್ರೆ, ಎಲಿಂಗ್ಟನ್ ಆಗಲೇ ಚೆನ್ನಾಗಿ ನುಡಿಸೋರನ್ನ ಆರಿಸ್ಕೊಂಡರು. ಇವರು ಯಾರೂ ಆರಿಸದ ಹುಡುಗರನ್ನ ತಗೊಂಡು ಚೆನ್ನಾಗಿ ನುಡಿಸೋ ಹಾಗೆ ಮಾಡಿದರು.

ಶಾಲೆಗೆ ಕಣ್ಣಿದ್ದ ಹುಡುಗರೂ ಬಂದರು. ಅವರಲ್ಲಿ ಒಬ್ಬರು ಧಾರವಾಡ ಕಡೆಯ ಬಸವರಾಜ ರಾಜಗುರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೇ ವರ್ಷದ ಉತ್ಸವ ಆಯ್ತು. ಅಷ್ಟು ದೊಡ್ಡ ಸಭೆಯಲ್ಲಿ ಹಾಡಿದ್ದು ರಾಜಗುರು, ಅವರಿಗೆ ಅದೇ ಮೊದಲ ದೊಡ್ಡ ಕಛೇರಿ. ಹೆಚ್ಚುಕಡಿಮೆ ನಮ್ಮ ವಯಸ್ಸಿನ ಹುಡುಗ. ಅವರ ಪಕ್ಕದಲ್ಲಿ ತಬಲಾ ಬಾರಿಸಿದವರು ಯಾರು ಗೊತ್ತಾ? ಪಂಚಾಕ್ಷರಿ ಗವಾಯಿಗಳೇ. ಬೇಕಿದ್ದರೆ ಆ ದಿನ ತಾವೇ ಹಾಡಬಹುದಿತ್ತು. ಹುಡುಗನನ್ನ ಮುಂದೆ ಕೂಡಿಸಿ ತಾವು ಠೇಕಾ ಹಿಡಿದು ಕೂತರು. ಠೇಕಾ ಹಿಡಿಯೋದು ಅಂದರೆ ಹಾಡೋನು ಎಲ್ಲಿಗೇ ಹೋಗಲಿ, ಸಮ್‌ಗೆ ಬಂದು ಮುಟ್ಟೋವರೆಗೂ ಅವನ ಕಾಲ ಕೆಳಗಿನ ನೆಲ ಅಲುಗಾಡದ ಹಾಗೆ ನೋಡ್ಕೊಳ್ಳೋದು. ಗವಾಯಿಗಳ ಇಡೀ ಜೀವನ ನನಗೆ ಆ ಒಂದು ಕಛೇರಿಯಲ್ಲೇ ಕಾಣುತ್ತೆ.

ಕೊನೆಗೆ ಬಸರಿಗಿಡದ ವೀರಪ್ಪನವರು ಗದಗಿನಲ್ಲಿ ಜಾಗ ಕೊಟ್ಟರು. ತಿರುಗಾಡೋ ಶಾಲೆಗೆ ನೆಲೆ ಸಿಕ್ಕಿತು. 1944ರ ಜೂನ್ 11ರಂದು ಗವಾಯಿಗಳು ತೀರಿಕೊಂಡರು. ಆಗ ಅವರಿಗೆ 52 ವರ್ಷ. ಸಾಮಾನ್ಯವಾಗಿ ಲೀಡರ್ ಹೋದರೆ ಬ್ಯಾಂಡ್ ಮುಗೀತು. ಇಲ್ಲಿ ಹಾಗಾಗಲಿಲ್ಲ. ಅವರೇ ಬೆಳೆಸಿದ, ಕಣ್ಣಿಲ್ಲದ ಶಿಷ್ಯ ಪುಟ್ಟರಾಜ ಗವಾಯಿಗಳು 30ನೇ ವಯಸ್ಸಿನಲ್ಲಿ ಆಶ್ರಮ ವಹಿಸಿಕೊಂಡು, 2010ರಲ್ಲಿ ತೀರಿಕೊಳ್ಳೋವರೆಗೂ, ಅಂದರೆ 66 ವರ್ಷ, ನಡೆಸಿದರು. ನಾಟಕ ಬರೆದರು, ಪುರಾಣ ಬರೆದರು, ಸಾವಿರಾರು ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಅವರಿಗೆ ಪದ್ಮಭೂಷಣವೂ ಬಂತು. ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿ, ಹಾಗೇ ಅರ್ಜುನಸಾ ನಾಕೋಡ, ಇವರೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ.

ಗವಾಯಿಗಳ ಮೇಲೆ 1995ರಲ್ಲಿ ಬಂದ ಸಿನಿಮಾಕ್ಕೆ ಹಂಸಲೇಖ ಅವರಿಗೆ ಸಂಗೀತಕ್ಕೆ, ಎಸ್ಪಿಬಿ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿಂದ ಶುರು ಮಾಡಿದರೂ ಆಯ್ತು. ಆದರೆ ಅಲ್ಲೇ ನಿಲ್ಲಬೇಡಿ. ರಾತ್ರಿ ಅಸೈನ್‌ಮೆಂಟ್ ಬರೀತಾ ಬಸವರಾಜ ರಾಜಗುರು ಅಂತ ಹುಡುಕಿ, ಗಂಟೆಗಟ್ಟಲೆ ಸಿಗುತ್ತೆ. ಖ್ಯಾಲ್ ಉದ್ದ ಅನ್ನಿಸಿದರೆ ಮೊದಲು ಒಂದು ವಚನ ಕೇಳಿ. ಕೇಳುವಾಗ ಹಾಡಿನ ಜೊತೆಗೆ ಸ್ವಲ್ಪ ಹಿಂದಿನ ತಬಲಾ ಕಡೆಗೂ ಕಿವಿ ಇರಲಿ.