ಆಂಬೋನಿನ ಅಂಧ ಸಸ್ಯಜ್ಞ

ನಾನು ಪಾಠ ಹೇಳುವ ಕಾಲೇಜು ಕರಾವಳಿಯ ಸೀಮೆಯಲ್ಲಿದೆ. ಎರಡು ವರ್ಷಗಳ ಹಿಂದೆ, ಮಳೆಗಾಲದ ದಿನಗಳಲ್ಲಿ, ನಮ್ಮ ಐಚ್ಛಿಕ ಕನ್ನಡ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ತೋಟದ ಹಣ್ಣುಗಳನ್ನು ಒಂದು ಬುಟ್ಟಿಯಲ್ಲಿ ತಂದು ನನ್ನ ಮೇಜಿನ ಮೇಲಿಟ್ಟನು. ಮೈತುಂಬ ಕೆಂಪು ಕೂದಲು ಹೊತ್ತ ರಂಬುಟಾನ್ ಕೆಲವು. ದಪ್ಪನೆಯ ನೇರಳೆ ಸಿಪ್ಪೆಯೊಳಗೆ ಬೆಳ್ಳುಳ್ಳಿಯ ಎಸಳಿನಂಥ ಬಿಳಿಯ ತೊಳೆಗಳನ್ನು ಅಡಗಿಸಿಕೊಂಡ ಮ್ಯಾಂಗೊಸ್ಟೀನ್ ಕೆಲವು. ಅಡಕೆಗೆ ಹಳದಿ ಎಲೆ ರೋಗ ಬಂದ ಮೇಲೆ ಅವನ ತಂದೆಯವರು ಈ ಪರದೇಶದ ಗಿಡಗಳನ್ನು ನೆಟ್ಟಿದ್ದರಂತೆ. ಆದರೆ ಕಸಿಗಿಡವೆಂದು ದುಬಾರಿ ಬೆಲೆ ತೆತ್ತು ತಂದ ಹತ್ತು ಸಸಿಗಳಲ್ಲಿ ನಾಲ್ಕು, ಆರು ವರ್ಷ ನೀರು ಗೊಬ್ಬರ ಉಂಡು, ಕೊನೆಗೆ ಬೇರೆಯೇ ಜಾತಿಯ ಮರಗಳಾಗಿ ನಿಂತುವು. ಎಲೆಯನ್ನು ನೋಡಿ ಗುರುತು ಹೇಳಬಲ್ಲವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಮಾರಿದವನು ಚೀಟಿಯಲ್ಲಿ ಬರೆದುಕೊಟ್ಟ ಹೆಸರೇ ಪ್ರಮಾಣವಾಗಿತ್ತು. ಹುಡುಗನು ಇದನ್ನೆಲ್ಲ ಹೇಳಿ, ಈ ಹಣ್ಣುಗಳಿಗೆ ಕನ್ನಡದಲ್ಲಿ ಏನು ಹೆಸರೆಂದು ನನ್ನನ್ನು ಕೇಳಿದನು. ಇಪ್ಪತ್ತು ವರ್ಷ ಕನ್ನಡ ಕಲಿಸಿದವನಾದ ನಾನು ಉತ್ತರ ತೋಚದೆ ಸುಮ್ಮನಾದೆ.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದಂದಿನಿಂದ ಗಿಡಮರಗಳ ಹೆಸರಿನ ರುಚಿ ನನಗೆ ಹತ್ತಿತ್ತು. ಹುಡುಗನ ಪ್ರಶ್ನೆ ಆ ಹಳೆಯ ಚಪಲವನ್ನು ಕೆದಕಿತು. ರಂಬುಟಾನ್ ಎಂಬುದು ಮಲಯ ಭಾಷೆಯ ಮಾತು. ಆ ನುಡಿಯಲ್ಲಿ ‘ರಂಬುತ್’ ಎಂದರೆ ಕೂದಲು. ಡುರಿಯನ್ ಹಣ್ಣಿನ ಹೆಸರಿನಲ್ಲಿರುವುದು ‘ದುರಿ’, ಅಂದರೆ ಮುಳ್ಳು. ನಮ್ಮದೇ ಹಿತ್ತಿಲಿನಲ್ಲಿ ಬೆಳೆದು ನಮ್ಮದೇ ಉಪ್ಪಿನಕಾಯಿಯ ಭರಣಿಯನ್ನು ಸೇರುವ ಬಿಂಬುಳಿಯಲ್ಲಿಯೂ ಮಲಯದ ‘ಬೆಲಿಂಬಿಂಗ್’ ಶಬ್ದದ ಚಹರೆ ಕಾಣುತ್ತದೆ. ಈ ಹೆಸರುಗಳ ಜಾಡು ಹಿಡಿದು ಹೊರಟ ನನಗೆ ಮತ್ತೆ ಮತ್ತೆ ಒಬ್ಬನೇ ವ್ಯಕ್ತಿ ಎದುರಾದನು. ಆತನೇ ಗೇಯೋರ್ಗ್ ಎಬರ್‌ಹಾರ್ಡ್ ರುಂಫಿಯಸ್. ಸಸ್ಯಶಾಸ್ತ್ರಜ್ಞರ ಲೋಕದಲ್ಲಿ ಮುನ್ನೂರು ವರ್ಷಗಳಿಂದ ಪ್ರಖ್ಯಾತನಾದ ಈತನ ಜೀವನ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ತಿಳಿದಿರಬೇಕಾದುದು.

ರುಂಫಿಯಸ್ ಹುಟ್ಟಿದ್ದು 1627ರಲ್ಲಿ, ಜರ್ಮನಿಯ ಹೆಸ್ಸೆ ಸೀಮೆಯಲ್ಲಿ. ತಂದೆ ಕಟ್ಟಡಗಳ ಕೆಲಸ ಬಲ್ಲವನು. ಹಾನೌ ಪಟ್ಟಣದ ಶಾಲೆಯಲ್ಲಿ ಲ್ಯಾಟಿನ್ ಮೊದಲಾದುವನ್ನು ಕಲಿತ ಹುಡುಗನಿಗೆ ದೂರದೇಶಗಳ ಹಂಬಲ ಎಳವೆಯಲ್ಲಿಯೇ ಹತ್ತಿತು. ಇಪ್ಪತ್ತು ತುಂಬುವ ಮೊದಲೇ, ವೆನಿಸ್ಸಿನ ಸೇವೆಗೆಂದು ಸೈನ್ಯಕ್ಕೆ ಸೇರಿಸಿಕೊಂಡವರು ಮೋಸದಿಂದ ಅವನನ್ನು ಬ್ರೆಜಿಲ್ಲಿನ ಹಡಗಿಗೆ ಹತ್ತಿಸಿದರು. ಆ ಪ್ರಯಾಣ ಬ್ರೆಜಿಲ್ಲನ್ನು ಮುಟ್ಟಲಿಲ್ಲ. ತರುಣನು ಪೋರ್ಚುಗಲ್ಲಿನಲ್ಲಿ ಸುಮಾರು ಮೂರು ವರ್ಷ ಕಳೆದು ಊರಿಗೆ ಮರಳಿದನು. ಪೂರ್ವದೇಶಗಳಿಂದ ಬಂದ ವಿಚಿತ್ರ ವಸ್ತುಗಳ ಕಥೆ ಅಲ್ಲಿಯೇ ಅವನ ಕಿವಿಗೆ ಬಿದ್ದಿರಬೇಕು. 1652ರ ಕೊನೆಯಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಯಾಗಿ ಹಡಗು ಹತ್ತಿದವನು ಮರುವರ್ಷ ಬಟಾವಿಯವನ್ನೂ, 1654ರಲ್ಲಿ ಮಲುಕು ದ್ವೀಪಸ್ತೋಮದ ಆಂಬೋನನ್ನೂ ತಲಪಿದನು. ಮತ್ತೆ ಯೂರೋಪಿನ ನೆಲವನ್ನು ಅವನು ಮೆಟ್ಟಲಿಲ್ಲ.

ಆಂಬೋನ್ ಆಗ ಲವಂಗದ ನಾಡು. ಜಾಯಿಕಾಯಿಯ ನೆಲೆಯಾದ ಬಾಂಡಾ ದ್ವೀಪಗಳು ಆಗ್ನೇಯಕ್ಕೆ ಸಮೀಪದಲ್ಲಿಯೇ ಇದ್ದುವು. ಈ ಎರಡು ವಸ್ತುಗಳ ವ್ಯಾಪಾರ ತನ್ನ ಮುಷ್ಟಿಯಲ್ಲಿಯೇ ಇರಬೇಕೆಂದು ಕಂಪನಿ ಮಾಡಿದ ಕೃತ್ಯಗಳನ್ನು ಓದಿದರೆ ಮೈ ನಡುಗುತ್ತದೆ. 1621ರಲ್ಲಿ ಬಾಂಡಾದ ಜನರನ್ನು ಕೊಂದು, ಉಳಿದವರನ್ನು ಗಡೀಪಾರು ಮಾಡಿ, ಜಾಯಿಕಾಯಿಯ ತೋಟಗಳನ್ನು ಕಂಪನಿ ತನ್ನದಾಗಿಸಿಕೊಂಡಿತು. ಲವಂಗವಾದರೋ ಆಂಬೋನಿನಲ್ಲಿಯೂ ಅದರ ಪಕ್ಕದ ಸಣ್ಣ ದ್ವೀಪಗಳಲ್ಲಿಯೂ ಮಾತ್ರ ಬೆಳೆಯಬೇಕು. ಬೇರೆ ಕಡೆ ಮರವಿದ್ದರೆ ಕಡಿಯಬೇಕು. ಆಂಬೋನಿನ ಜನರನ್ನೇ ಹುಟ್ಟು ಹಾಕಲು ಕೂರಿಸಿದ ದೋಣಿಗಳ ದಂಡು ವರ್ಷ ವರ್ಷವೂ ಸುತ್ತು ಹೊರಟು, ಅನುಮತಿಯಿಲ್ಲದ ಮರಗಳನ್ನು ಹುಡುಕಿ ಹುಡುಕಿ ನೆಲಕ್ಕುರುಳಿಸುತ್ತಿತ್ತು. ರುಂಫಿಯಸ್ ಬಂದಿಳಿದ ವರ್ಷವಂತೂ ಈ ನೀತಿಯ ವಿರುದ್ಧ ದ್ವೀಪದವರು ಎದ್ದ ಯುದ್ಧ ನಡುಮಟ್ಟದಲ್ಲಿತ್ತು. ಹೋಆಮೋಆಲ್ ಎಂಬ ಸೀಮೆಯ ಜನರೆಲ್ಲ ಆ ಯುದ್ಧದ ಕೊನೆಯಲ್ಲಿ ತಮ್ಮ ನೆಲವನ್ನು ಬಿಟ್ಟು ಹೋಗಬೇಕಾಯಿತು.

ಮರ ಕಡಿಯುವವರ ಸಂಬಳ ಉಂಡವನೇ ಮರಗಳ ಅತಿ ದೊಡ್ಡ ಚರಿತ್ರಕಾರನಾದನೆಂಬುದು ವಿಧಿಯ ವಿಲಾಸ. ಅವನು ಕಂಪನಿಯನ್ನು ಎದುರಿಸಿದ ವೀರನಲ್ಲ. ಅದರ ಸಿಪಾಯಿ, ಎಂಜಿನಿಯರು, ಮುಂದೆ ವರ್ತಕ. ಅದರ ಪರವಾಗಿ ಲವಂಗ ಕೊಂಡವನು, ಆಂಬೋನಿನ ರಾಜಕೀಯ ಇತಿಹಾಸವನ್ನೂ ಅದಕ್ಕಾಗಿಯೇ ಬರೆದವನು. ಈ ಮಾತನ್ನು ಮುಚ್ಚಿಟ್ಟು ಅವನನ್ನು ಸಂತನನ್ನಾಗಿಸುವುದು ನ್ಯಾಯವಲ್ಲ. ಆದರೆ ಮಾರುಕಟ್ಟೆಯಲ್ಲಿ ಬೆಲೆಯುಳ್ಳ ಎರಡು ಗಿಡಗಳನ್ನು ಮಾತ್ರ ಕಂಪನಿ ಕಂಡ ಕಡೆಯಲ್ಲಿ ಅವನು ಸಾವಿರಾರು ಗಿಡಗಳನ್ನು ಕಂಡನು ಎಂಬುದೂ ಅಷ್ಟೇ ನಿಜ.

ಸೈನ್ಯದ ಬಾಳು ಅವನಿಗೆ ಒಗ್ಗಲಿಲ್ಲ. ಕೇಳಿಕೊಂಡು ವ್ಯಾಪಾರದ ಶಾಖೆಗೆ ವರ್ಗವಾಗಿ, 1657ರಲ್ಲಿ ಕಿರಿಯ ವರ್ತಕನೆನಿಸಿ, ದ್ವೀಪದ ಉತ್ತರ ಭಾಗವಾದ ಹಿಟು ಕರಾವಳಿಯಲ್ಲಿ ನೆಲೆ ನಿಂತನು. ಅಲ್ಲಿಯೇ ಸುಸಾನ್ನಾ ಎಂಬ ಸ್ತ್ರೀಯೊಡನೆ ಸಂಸಾರ ಹೂಡಿದನು. ಕಂಪನಿಯ ಲೆಕ್ಕಪತ್ರ ಮುಗಿದ ಮೇಲೆ ಉಳಿದ ಹೊತ್ತೆಲ್ಲ ಕಾಡು, ಕಡಲತೀರ, ಹಳ್ಳಿಯ ತೋಟ. ಆಮ್ಸ್ಟರ್‌ಡ್ಯಾಮಿನ ನಿರ್ದೇಶಕರಿಗೆ ಬರೆದು ಬೇಕಾದ ಗ್ರಂಥಗಳನ್ನು ತರಿಸಿಕೊಳ್ಳಲು ಅಪ್ಪಣೆ ಪಡೆದನು. ಆದರೆ ಅವನ ನಿಜವಾದ ಗುರುಗಳು ಆ ದ್ವೀಪದ ಜನರು. ಯಾವ ಮರದ ತೊಗಟೆ ಯಾವ ನೋವಿಗೆ, ಯಾವ ಹಣ್ಣು ಯಾವ ತಿಂಗಳಿಗೆ, ಯಾವ ಬೀಜವನ್ನು ಎಷ್ಟು ದಿನದೊಳಗೆ ಊರಬೇಕು, ಎಲ್ಲವನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಂಡನು.

ಹೀಗೆ ಬೆಳೆದ ಗ್ರಂಥವೇ ‘ಹರ್ಬೇರಿಯಂ ಆಂಬೊಯಿನೆನ್ಸೆ’. ಹನ್ನೆರಡು ಕಾಂಡಗಳು, ಸುಮಾರು 1200 ಸಸ್ಯಗಳ ವರ್ಣನೆ. ಅದರ ಮೊದಲನೆಯ ಕಾಂಡವನ್ನು ಅವನು ಮೀಸಲಿಟ್ಟಿದ್ದು ಮನುಷ್ಯರು ನೆಟ್ಟು ಸಾಕುವ ಹಣ್ಣಿನ ಮರಗಳಿಗೆ. ಆರಂಭ ತೆಂಗಿನಿಂದ, ಮುಂದೆ ಮಾವು, ಡುರಿಯನ್, ಹಲಸು, ಜೀಗುಜ್ಜೆ, ಕಮರಾಕ್ಷಿ, ಬಿಂಬುಳಿ, ಜಂಬುನೇರಳೆ, ಮ್ಯಾಂಗೊಸ್ಟೀನ್, ಲಾನ್ಸತ್. ಪ್ರತಿಯೊಂದು ಅಧ್ಯಾಯಕ್ಕೂ ಒಂದು ಕ್ರಮವಿದೆ. ಮೊದಲು ಮರದ ರೂಪ, ಎಲೆ, ಹೂ, ಕಾಯಿ, ಬಳಿಕ ಫಲ ಬಿಡುವ ಕಾಲ, ಬಳಿಕ ಹೆಸರು, ಬಳಿಕ ಬೆಳೆಯುವ ನೆಲ, ಕೊನೆಗೆ ಉಪಯೋಗ. ಹೆಸರಿನ ಭಾಗದಲ್ಲಿ ಲ್ಯಾಟಿನ್ ಮತ್ತು ಡಚ್ ಹೆಸರುಗಳ ಜೊತೆಗೆ ಮಲಯದವರು, ಆಂಬೋನಿನವರು, ಜಾವಾದವರು, ಚೀನದ ವ್ಯಾಪಾರಿಗಳು ಏನೆಂದು ಕರೆಯುತ್ತಾರೆಂಬುದನ್ನೂ ಕೊಡುತ್ತಾನೆ. ನಿಘಂಟುಕಾರರ ಶ್ರಮ ಏನೆಂದು ಬಲ್ಲ ನಮ್ಮಂಥವರಿಗೆ ಈ ಪುಟಗಳ ಬೆಲೆ ಬೇಗ ತಿಳಿಯುತ್ತದೆ. ಒಂದೇ ಹೆಸರಿನಲ್ಲಿ ಮೂರು ಮರಗಳೂ ಒಂದೇ ಮರಕ್ಕೆ ಆರು ಹೆಸರುಗಳೂ ಇರುವ ಕಡೆ, ಗುರುತು ಸ್ಥಿರವಾಗಬೇಕಾದರೆ ಇದೊಂದೇ ದಾರಿ.

ಕೆಲಸ ಅರ್ಧದಲ್ಲಿರುವಾಗಲೇ ಬರಸಿಡಿಲು ಬಡಿಯಿತು. 1670ರಲ್ಲಿ, ನಲವತ್ತೆರಡರ ಆಸುಪಾಸಿನಲ್ಲಿ, ರುಂಫಿಯಸ್ ಎರಡೂ ಕಣ್ಣು ಕಳೆದುಕೊಂಡನು. ಎಲೆಯ ನರವನ್ನೂ ಹೂವಿನ ಎಸಳನ್ನೂ ಎಣಿಸಬೇಕಾದವನಿಗೆ ಇದಕ್ಕಿಂತ ಘೋರವಾದ ದುರ್ದೆಸೆ ಯಾವುದು? ಬಟಾವಿಯದ ಗವರ್ನರ್ ಜನರಲ್ ಮಾಟ್‌ಸೌಕರ್ ಅವನ ಪದವಿಯನ್ನೂ ಸಂಬಳವನ್ನೂ ಉಳಿಸಿಕೊಟ್ಟನು. ಕಂಪನಿಯ ಕಥೆಯಲ್ಲಿ ಕಾಣಸಿಗುವ ಅಪರೂಪದ ಔದಾರ್ಯವಿದು. ಆದರೆ ಗ್ರಂಥವನ್ನು ಅವನು ಬರೆಯುತ್ತಿದ್ದುದು ಲ್ಯಾಟಿನ್ನಿನಲ್ಲಿ. ಹೇಳಿ ಬರೆಸಲು ಸಿಕ್ಕ ಗುಮಾಸ್ತರಿಗೆ ಆ ಭಾಷೆ ಬಾರದು. ವಿದ್ವಾಂಸರ ಭಾಷೆಯನ್ನು ಬಿಟ್ಟು ಬಳಕೆಯ ಡಚ್ಚಿನಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಸಲು ತೊಡಗಿದನು. ಕಣ್ಣು ಪರರದು, ಲೇಖನಿ ಪರರದು. ಎಲೆಯನ್ನು ಬೆರಳಿನಿಂದ ಸವರಿ, ಹಣ್ಣನ್ನು ಮೂಸಿ, ನಾಲಗೆಗಿಟ್ಟು, ನೋಡಿದವರನ್ನು ಕೇಳಿ ಕೇಳಿ ಹಳೆಯ ನೆನಪಿನೊಡನೆ ಹೋಲಿಸುತ್ತಿದ್ದಿರಬೇಕು.

ಕಷ್ಟ ಅಲ್ಲಿಗೆ ನಿಲ್ಲಲಿಲ್ಲ. 1674ರ ಫೆಬ್ರವರಿ 17ರ ಸಂಜೆ ಚೀನೀಯರ ಹೊಸವರ್ಷದ ಸಂಭ್ರಮವನ್ನು ನೋಡಲು ಹೋಗಿದ್ದ ಹೆಂಡತಿ ಮತ್ತು ಮಗಳು, ಭೂಕಂಪದಲ್ಲಿ ಗೋಡೆ ಕುಸಿದು ತೀರಿಹೋದರು. ಅದರ ಬೆನ್ನಿಗೆ ಕಡಲು ಉಕ್ಕಿ ಹಿಟು ಕರಾವಳಿಯನ್ನು ನುಂಗಿತು. ಆ ಕುರುಡ ಗಂಡ, ಅಂದಿನ ಭೂಕಂಪದ ವೃತ್ತಾಂತವನ್ನು ಒಂದೊಂದು ಹಳ್ಳಿಯ ವಿವರದೊಡನೆ ಬರೆಸಿಟ್ಟನು. ಇಂಡೋನೇಷ್ಯದ ಕಡಲುಕ್ಕಿನ ಬಗ್ಗೆ ವಿವರವಾಗಿ ದೊರೆಯುವ ಮೊತ್ತಮೊದಲ ದಾಖಲೆ ಅದು. ಮಡದಿಗಾಗಿ ಅವನು ಗೋರಿ ಕಟ್ಟಿಸಿದ ಕಥೆಯನ್ನು ನಾನರಿಯೆ. ಅವಳ ನೆನಪಿಗಾಗಿ ಒಂದು ಬಿಳಿಯ ಸೀತಾಳೆ ಹೂವಿಗೆ ಸುಸಾನ್ನಾಳ ಹೂವೆಂದು ಹೆಸರಿಟ್ಟನು. ಸಸ್ಯಶಾಸ್ತ್ರದಲ್ಲಿ ಆ ಹೂವಿಗೆ ಇಂದಿಗೂ ಅವಳದೇ ಹೆಸರು.

1687ರ ಜನವರಿಯಲ್ಲಿ ಆಂಬೋನ್ ಪಟ್ಟಣಕ್ಕೆ ಬೆಂಕಿ ಬಿತ್ತು. ಹಸ್ತಪ್ರತಿಯೇನೋ ಉಳಿಯಿತು. ಆದರೆ ಕಣ್ಣಿದ್ದಾಗ ತನ್ನ ಕೈಯಿಂದಲೇ ಬರೆದಿದ್ದ ಚಿತ್ರಗಳೂ ಪುಸ್ತಕ ಭಂಡಾರವೂ ಬೂದಿಯಾದುವು. ಮಗ ಪೌಲನೂ ಇತರ ಚಿತ್ರಕಾರರೂ ಮತ್ತೆ ಗಿಡಗಳನ್ನು ಅರಸಿ ತಂದು ಚಿತ್ರಿಸಿದರು. ಮೊದಲ ಆರು ಕಾಂಡಗಳು 1690ರ ಹೊತ್ತಿಗೆ ಬಟಾವಿಯ ಸೇರಿದುವು. ಅಲ್ಲಿಂದ ಹಾಲೆಂಡಿಗೆ ಹೊತ್ತೊಯ್ದ ಹಡಗನ್ನು 1692ರಲ್ಲಿ ಫ್ರೆಂಚರು ಮುಳುಗಿಸಿಬಿಟ್ಟರು. ಪುಣ್ಯವಶಾತ್ ಗವರ್ನರ್ ಜನರಲ್ ಕ್ಯಾಂಫೌಸ್ ಒಂದು ನಕಲು ಮಾಡಿಸಿಟ್ಟುಕೊಂಡಿದ್ದನು. ಆ ನಕಲಿನಿಂದ ಮತ್ತೊಂದು ನಕಲು ತೆಗೆದು, ಉಳಿದ ಕಾಂಡಗಳನ್ನು ಮುಗಿಸಿ, ಗ್ರಂಥವನ್ನು ಮತ್ತೆ ಕಡಲು ದಾಟಿಸಿದರು.

ಈ ಬಾರಿ ಅದು ಆಮ್ಸ್ಟರ್‌ಡ್ಯಾಮನ್ನು ಮುಟ್ಟಿತು. ಮುಟ್ಟಿ, ಕಂಪನಿಯ ಪೆಟ್ಟಿಗೆಯೊಳಗೆ ಬಿದ್ದಿತು. ಬೆಂಕಿ ನೀರುಗಳಿಂದ ಪಾರಾದುದು ವಣಿಕರ ಜಾಗ್ರತೆಯಿಂದ ಪಾರಾಗಲಿಲ್ಲ. ಯಾವ ಗಿಡ ಎಲ್ಲಿ ಹೇಗೆ ಬೆಳೆಯುತ್ತದೆಂಬುದು ಎದುರಾಳಿಗಳಿಗೆ ತಿಳಿದುಬಿಟ್ಟರೆ ಲಾಭದ ಗತಿಯೇನೆಂಬ ಭಯ ಮೊದಲು. ಇಷ್ಟು ಚಿತ್ರಗಳುಳ್ಳ ಗ್ರಂಥದ ಮುದ್ರಣದ ವೆಚ್ಚ ಯಾರದೆಂಬ ಚಿಂತೆ ಬಳಿಕ. ಅದೇ ಕಾಲದಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲಿ ಕಂಪನಿಯ ಅಧಿಕಾರಿ ವಾನ್ ರೀಡೆ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ವೈಭವದಿಂದ ಅಚ್ಚಾಯಿತು. ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಮೂವರು ಕೊಂಕಣಿ ಬ್ರಾಹ್ಮಣ ಪಂಡಿತರು ನೆರವಾದ ಗ್ರಂಥವದು. ವಾನ್ ರೀಡೆಗೆ ಅಧಿಕಾರವಿತ್ತು. ಆಂಬೋನಿನ ಕುರುಡ ವರ್ತಕನಿಗೆ ಅದು ಇರಲಿಲ್ಲ. 1702ರ ಜೂನ್ 15ರಂದು, ತನ್ನ ಮಹಾಗ್ರಂಥದ ಒಂದು ಪುಟವನ್ನೂ ಅಚ್ಚಿನಲ್ಲಿ ಮುಟ್ಟಿ ನೋಡದೆ ಅವನು ಕಣ್ಮುಚ್ಚಿದನು. ಅದು ಬೆಳಕು ಕಂಡದ್ದು 1741ರಿಂದ 1750ರವರೆಗೆ, ಸಸ್ಯಜ್ಞ ಯೊಹಾನ್ನೆಸ್ ಬರ್ಮನ್ನನ ಸಂಪಾದನೆಯಲ್ಲಿ, ಡಚ್ ಮತ್ತು ಲ್ಯಾಟಿನ್ ಪಾಠಗಳು ಜೊತೆಜೊತೆಯಾಗಿ. ಅನುಬಂಧದ ಸಂಪುಟ 1755ರಲ್ಲಿ ಹೊರಬಂದಿತು.

ಅನಂತರದ ಶಾಸ್ತ್ರಜ್ಞರು ಈ ಗ್ರಂಥದಿಂದ ಹಣ್ಣುಗಳ ಹೆಸರುಗಳನ್ನು ಧಾರಾಳವಾಗಿ ಪಡೆದರು. ಡುರಿಯನ್ನಿನ ಕುಲಕ್ಕೆ ಡುರಿಯೋ, ಲಾನ್ಸತ್ತಿನ ಕುಲಕ್ಕೆ ಲಾನ್ಸಿಯಂ ಎಂಬ ಹೆಸರುಗಳ ಹಿಂದಿರುವುದು ಅವನ ಪುಟಗಳೇ. ಮಲಯದವರು ಕೆನಾರಿ ಎನ್ನುವ ಮರವನ್ನು ಅವನು ಕನೇರಿಯಂ ಎಂದು ಕರೆದನು. ಲಿನೇಯಸ್ ಅದನ್ನೇ ಒಪ್ಪಿದನು. ನಮ್ಮ ಪಶ್ಚಿಮಘಟ್ಟದ ಕಪ್ಪು ಧೂಪದ ಮರವೂ ಅದೇ ಕುಲಕ್ಕೆ ಸೇರಿದ್ದು. ಹೀಗೆ ಆಂಬೋನಿನ ತೋಟಿಗರ ಬಾಯಿಮಾತೊಂದು ನಮ್ಮ ಕಾಡಿನ ಮರದ ಶಾಸ್ತ್ರೀಯ ನಾಮದಲ್ಲಿ ಅಡಗಿ ಕುಳಿತಿದೆ.

ಹೆಸರಿನ ಒಂದು ಅಕ್ಷರ ತಪ್ಪಿದರೆ ಏನಾಗಬಹುದೆಂಬುದಕ್ಕೂ ಈ ಕಥೆಯಲ್ಲಿಯೇ ದೃಷ್ಟಾಂತವಿದೆ. ರುಂಫಿಯಸ್ ವರ್ಣಿಸಿದ ಗಿಡಗಳನ್ನು ಅವನ ದ್ವೀಪದಲ್ಲಿಯೇ ಮತ್ತೆ ಗುರುತಿಸಬೇಕೆಂದು 1913ರಲ್ಲಿ ರಾಬಿನ್ಸನ್ ಎಂಬ ಸಸ್ಯಜ್ಞ ಮನಿಲಾದಿಂದ ಆಂಬೋನಿಗೆ ಹೋದನು. ತೆಂಗಿಗೆ ಮಲಯದಲ್ಲಿ ‘ಕೆಲಾಪ’, ತಲೆಗೆ ‘ಕೆಪಾಲ’. ಎಳನೀರು ಕಡಿದುಕೊಡೆಂದು ಕೇಳುವ ಬದಲು ತಲೆ ಕಡಿಯುವ ಮಾತನ್ನಾಡಿದನೆಂದೂ, ಹೆದರಿದ ಹಳ್ಳಿಗರು ಅವನನ್ನು ತಲೆ ಕಡಿಯುವ ಪಿಶಾಚಿಯೆಂದು ಬಗೆದು ಕೊಂದರೆಂದೂ ಹೇಳುತ್ತಾರೆ. ಅವನು ಸಂಗ್ರಹಿಸಿದ ಮಾದರಿಗಳ ಆಧಾರದ ಮೇಲೆ ಮೆರಿಲ್ ಎಂಬ ವಿದ್ವಾಂಸನು 1917ರಲ್ಲಿ ರುಂಫಿಯಸ್ಸನ ಸಸ್ಯಗಳನ್ನು ಇಂದಿನ ಶಾಸ್ತ್ರನಾಮಗಳೊಡನೆ ಹೊಂದಿಸಿ ಪ್ರಕಟಿಸಿದನು.

ಈ ಕಥೆಯನ್ನು ನಾನು ತರಗತಿಯಲ್ಲಿ ಹೇಳಿದೆ. ಈಗ ನಮ್ಮ ವಿದ್ಯಾರ್ಥಿಗಳು ಒಂದು ದಪ್ಪ ಪುಸ್ತಕ ಇಟ್ಟಿದ್ದಾರೆ. ಅವರವರ ಹಿತ್ತಿಲಿನ ಹಣ್ಣಿನ ಮರದ ಒಂದು ಒಣಗಿಸಿದ ಎಲೆ, ಫಲ ಬಿಡುವ ತಿಂಗಳು, ಮನೆಯ ಹಿರಿಯರು ಕರೆಯುವ ಹೆಸರು, ಇಷ್ಟನ್ನು ಅದರಲ್ಲಿ ಅಂಟಿಸಿ ಬರೆಯುತ್ತಾರೆ. ಮ್ಯಾಂಗೊಸ್ಟೀನಿನ ಪುಟದ ಎದುರಿಗೆ ಅದರ ಬಂಧುವೇ ಆದ ಪುನರ್ಪುಳಿಯ ಎಲೆ ಬಂದು ಕುಳಿತಿದೆ. ಮುಂದೆ ಸಸಿ ಕೊಳ್ಳುವವರು ಚೀಟಿಯನ್ನು ನಂಬುವ ಮೊದಲು ಈ ಪುಸ್ತಕದ ಎಲೆಯನ್ನು ಹೋಲಿಸಿ ನೋಡಬಹುದು.

ಕನ್ನಡದ ಹೆಸರು ಕೇಳಿದ ಹುಡುಗನೇ ರಂಬುಟಾನಿನ ಪುಟವನ್ನೂ ಬರೆದನು. ಹೆಸರಿನ ಜಾಗವನ್ನು ಖಾಲಿ ಬಿಡಬೇಕಾದೀತೆಂದು ನಾನು ಭಾವಿಸಿದ್ದೆ. ಅವನು ಮನೆಯಲ್ಲಿ ವಿಚಾರಿಸಿಕೊಂಡು ಬಂದಿದ್ದನು. ಮಲಯ ಭಾಷೆಯೆಂಬುದೊಂದಿದೆಯೆಂದೂ ಅರಿಯದ ಅವನ ಅಜ್ಜಿ, ಮರ ಮೊದಲ ಸಲ ಫಲ ಬಿಟ್ಟಂದಿನಿಂದ ಅದನ್ನು ಕೂದಲುಹಣ್ಣು ಎಂದೇ ಕರೆಯುತ್ತಿದ್ದರಂತೆ.