ಮುರಕಲ್ಲಿಗೆ ಹೆಸರಿಟ್ಟ ವೈದ್ಯ: ಫ್ರಾನ್ಸಿಸ್ ಬುಕಾನನ್

ಮಕ್ಕಳೇ, ಆಫ್ರಿಕಾದ ಕೆನ್ಯಾ ದೇಶದ ಹೆಸರನ್ನು ನೀವು ಕೇಳಿರಬಹುದು. ಸಿಂಹ, ಆನೆ, ಜಿರಾಫೆಗಳು ಅಡ್ಡಾಡುವ ಹುಲ್ಲುಗಾವಲು ಮತ್ತು ಹಿಂದೂ ಮಹಾಸಾಗರದ ಕಡಲತೀರ, ಇವೆರಡನ್ನೂ ನೋಡಲು ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ. ಜೀಪಿನಲ್ಲಿ ಕುಳಿತು ಕಾಡುಪ್ರಾಣಿ ನೋಡುವುದನ್ನು ನಾವು ಸಫಾರಿ ಎನ್ನುತ್ತೇವೆ. ಆದರೆ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಪ್ರಯಾಣ, ಅಷ್ಟೇ. ನಮ್ಮ ಜಿಲ್ಲೆಯಲ್ಲೂ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಕುದುರೆಮುಖದ ಕಾಡು ಇವೆ. ಇವೆರಡರ ನಡುವೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಾದಿಯಲ್ಲಿ 1801ರಲ್ಲಿ ಒಬ್ಬ ವೈದ್ಯರು ಪ್ರಯಾಣ ಮಾಡಿದ್ದರು. ಅವರ ಹೆಸರು ಫ್ರಾನ್ಸಿಸ್ ಬುಕಾನನ್.

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರ ಕಲಿತರು. ಆಗ ಔಷಧಿಗಳಲ್ಲಿ ಬಹುಪಾಲು ಗಿಡಮೂಲಿಕೆಗಳಿಂದಲೇ ಬರುತ್ತಿದ್ದುದರಿಂದ ವೈದ್ಯರಾಗುವವರು ಸಸ್ಯಶಾಸ್ತ್ರವನ್ನೂ ಓದಬೇಕಿತ್ತು. ಬುಕಾನನ್‌ಗೆ ಗಿಡಗಳ ಹುಚ್ಚು ಹಿಡಿದದ್ದು ಅಲ್ಲಿಯೇ. ಕೆಲವು ಕಾಲ ಹಡಗುಗಳಲ್ಲಿ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು.

1799ರಲ್ಲಿ ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದ ಮೇಲೆ ನಮ್ಮ ಕರಾವಳಿ ಕಂಪೆನಿಯ ಕೈಸೇರಿತು. ಹೊಸದಾಗಿ ದೊರೆತ ನಾಡಿನಲ್ಲಿ ಏನು ಬೆಳೆಯುತ್ತದೆ, ಎಷ್ಟು ಆದಾಯ ಬರಬಹುದು ಎಂದು ತಿಳಿಯುವ ಆತುರ ಗವರ್ನರ್ ಜನರಲ್ ವೆಲ್ಲೆಸ್ಲಿಗೆ. ಆ ಕೆಲಸಕ್ಕೆ ಆರಿಸಿದ್ದು ಬುಕಾನನ್‌ರನ್ನು. ಇದು ಮೋಜಿನ ಪ್ರವಾಸವಾಗಿರಲಿಲ್ಲ, ಆಳುವವರ ಲೆಕ್ಕಾಚಾರದ ಪ್ರವಾಸ ಎಂಬುದನ್ನು ನೀವು ಮರೆಯಬಾರದು.

1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಅವರು ಮೈಸೂರು ಸೀಮೆ ಸುತ್ತಿ, ಕೊಯಮತ್ತೂರು ದಾಟಿ ಮಲಬಾರಿಗೆ ಇಳಿದರು. ಅಲ್ಲಿನ ಅಂಗಡಿಪುರಂ ಎಂಬಲ್ಲಿ ಒಂದು ವಿಚಿತ್ರ ಕಲ್ಲು ಕಂಡರು. ನೆಲದೊಳಗೆ ಇರುವಾಗ ಅದು ಮೆತ್ತಗೆ. ಕಬ್ಬಿಣದ ಹತಾರದಿಂದ ಸುಲಭವಾಗಿ ಚೌಕಾಕಾರಕ್ಕೆ ಕಡಿಯಬಹುದು. ಹೊರತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ಇಟ್ಟಿಗೆಯಂತೆ ಗಟ್ಟಿ! ಹೌದು, ನಿಮ್ಮ ಮನೆಯ ಗೋಡೆಯಲ್ಲೋ ಶಾಲೆಯ ಆವರಣದಲ್ಲೋ ಇರುವ ಮುರಕಲ್ಲೇ ಅದು. ಅಲ್ಲಿನ ಜನ ಅದನ್ನು ಇಟ್ಟಿಗೆ ಕಲ್ಲು ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ 'ಲೇಟರ್' ಎನ್ನುತ್ತಾರೆ. ಬುಕಾನನ್ ಅದರಿಂದ 'ಲ್ಯಾಟರೈಟ್' ಎಂಬ ಪದ ಮಾಡಿದರು. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಈ ಹೆಸರಿನ ಹಿಂದೆ ಕಲ್ಲು ಕಡಿಯುವವರ ಮಾತೇ ಇದೆ.

ಈ ಕಲ್ಲು ಹೇಗೆ ಉಂಟಾಗುತ್ತದೆ? ಜೋರು ಮಳೆ ಮತ್ತು ಸೆಕೆ ಇರುವ ನಾಡಿನಲ್ಲಿ ನೀರು ಸಾವಿರಾರು, ಲಕ್ಷಾಂತರ ವರ್ಷ ಬಂಡೆಯೊಳಗೆ ಇಳಿಯುತ್ತದೆ. ಕರಗುವ ಅಂಶಗಳನ್ನು ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಂಯುಕ್ತಗಳು. ಕಬ್ಬಿಣ ತುಕ್ಕು ಹಿಡಿದು ಕೆಂಪು ಬಣ್ಣ ಬರುತ್ತದೆ. ಕಲ್ಲಿನ ತುಂಬ ತೂತುಗಳಿರುವುದರಿಂದ ನೀರು ಒಳಗೆ ಇಳಿದು ನಿಲ್ಲುತ್ತದೆ. ಬಂಟ್ವಾಳ ತಾಲೂಕಿನ ಗುಡ್ಡಗಳಲ್ಲಿ ಅಡ್ಡಕ್ಕೆ ಸುರಂಗ ಕೊರೆದರೆ ನೀರು ಸಿಗುವುದು ಇದರಿಂದಲೇ.

1801ರ ಆರಂಭದಲ್ಲಿ ಬುಕಾನನ್ ಮಂಗಳೂರಿಗೆ ಬಂದು, ಬಂಟ್ವಾಳದ ಮೂಲಕ ಬೆಳ್ತಂಗಡಿಗೆ ಹೋದರು. ಟಿಪ್ಪು ಕೋಟೆ ಕಟ್ಟಿಸಿದ ಜಮಾಲಾಬಾದ್, ಅಂದರೆ ನಮ್ಮ ಗಡಾಯಿಕಲ್ಲಿನ ಬಗ್ಗೆ ಬರೆದರು. ವೇಣೂರು, ಮೂಡುಬಿದಿರೆಗಳಲ್ಲಿ ಬಸದಿಗಳನ್ನೂ ಕಾರ್ಕಳದಲ್ಲಿ ಬಾಹುಬಲಿಯನ್ನೂ ನೋಡಿದರು. ಇಂದು ಪ್ರವಾಸಿಗರು ಬಸ್ಸಿನಿಂದಿಳಿದು ನೋಡುವ ತಾಣಗಳೇ ಇವು. ಬುಕಾನನ್ ಅಷ್ಟಕ್ಕೇ ನಿಲ್ಲಲಿಲ್ಲ. ಬಯಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ನಮ್ಮ ರೈತರು ವಿಂಗಡಿಸುವ ಕ್ರಮವನ್ನು ಕೇಳಿ ಬರೆದುಕೊಂಡರು. ಭಾಷೆ ಬಾರದ್ದರಿಂದ ದುಭಾಷಿಗಳನ್ನೇ ನಂಬಬೇಕಿತ್ತು. ಹಾಗಾಗಿ ಅವರು ಬರೆದ ಊರ ಹೆಸರುಗಳನ್ನು ಓದಿದರೆ ನಮಗೆ ನಗು ಬರುತ್ತದೆ! ಈ ದಿನಚರಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಲ್ಯಾಟರೈಟ್ ಪದ ಲೋಕಕ್ಕೆ ತಿಳಿದದ್ದು ಅದರಿಂದ.

ನಂತರ ಅವರು ನೇಪಾಳಕ್ಕೆ ಹೋದರು, ಕಲ್ಕತ್ತೆಯ ಬಳಿ ಬ್ಯಾರಕ್‌ಪುರದಲ್ಲಿ ಪ್ರಾಣಿಸಂಗ್ರಹಾಲಯ ನೋಡಿಕೊಂಡರು, ಬಂಗಾಳದಲ್ಲಿ ಏಳು ವರ್ಷ ಸಮೀಕ್ಷೆ ನಡೆಸಿದರು. ಗಂಗಾ ನದಿಯ ಮೀನುಗಳ ಚಿತ್ರಗಳನ್ನು ಬರೆಸಿದರು. 1815ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಹೊರಟಾಗ ಒಂದು ಪೆಟ್ಟು ಬಿತ್ತು. ವರ್ಷಗಟ್ಟಲೆ ಕೂಡಿಸಿದ ಚಿತ್ರಗಳು ಸರ್ಕಾರದ ಸ್ವತ್ತು ಎಂದು ಗವರ್ನರ್ ಜನರಲ್ ಅವನ್ನು ಒಯ್ಯಲು ಬಿಡಲಿಲ್ಲ. ಆದರೂ ಅವರು ಕೈಚೆಲ್ಲಲಿಲ್ಲ. 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ದೊಡ್ಡ ಪುಸ್ತಕ ಹೊರತಂದರು. ನಮ್ಮ ಕೆರೆಗಳಲ್ಲಿ ಸಾಕುವ ಕಾಟ್ಲಾ ಮತ್ತು ರೋಹು ಮೀನುಗಳನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಈ ಪುಸ್ತಕವೇ. ಅವುಗಳ ವೈಜ್ಞಾನಿಕ ಹೆಸರಿನ ಮುಂದೆ ಹ್ಯಾಮಿಲ್ಟನ್ ಎಂದಿರುತ್ತದೆ. ಬೇರೆ ಯಾರೂ ಅಲ್ಲ, ಊರಿಗೆ ಮರಳಿದ ಮೇಲೆ ಬುಕಾನನ್ ತಾಯಿಯ ಮನೆತನದ ಹೆಸರು ಇಟ್ಟುಕೊಂಡಿದ್ದರು. ಸಿಹಿತಿಂಡಿಗೆ ಹಾಕುವ ಚಾರೋಳಿಯ ಮರ ಸೇರಿದ ಕುಲಕ್ಕೂ ಅವರ ನೆನಪಿಗೆ ಬುಕನಾನಿಯ ಎಂಬ ಹೆಸರಿದೆ. 1829ರ ಜೂನ್ 15ರಂದು ಅವರು ತೀರಿಕೊಂಡರು.

ಕೇರಳದ ಮಲಪ್ಪುರಂ ಜಿಲ್ಲೆಯ ಅಂಗಡಿಪುರಂನಲ್ಲಿ 1979ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಲ್ಯಾಟರೈಟ್ ಸ್ಮಾರಕವನ್ನು ನಿಲ್ಲಿಸಿದೆ. ಅಷ್ಟು ದೂರ ಹೋಗಲಾಗದಿದ್ದರೆ ಒಂದು ಮುರಕಲ್ಲಿನ ಚೂರು, ಒಂದು ಕಪ್ಪು ಜಲ್ಲಿಕಲ್ಲು ಹುಡುಕಿ ತನ್ನಿ. ಎರಡರ ಮೇಲೂ ಐದೈದು ಹನಿ ನೀರು ಬಿಡಿ. ಯಾವುದು ನೀರು ಕುಡಿಯಿತು? ಬಾಹುಬಲಿಯನ್ನು ಮುರಕಲ್ಲಿನಲ್ಲಿ ಏಕೆ ಕೆತ್ತಲಿಲ್ಲ ಎಂದು ಯೋಚಿಸಿ, ಉತ್ತರವನ್ನು ನಿಮ್ಮ ಶಿಕ್ಷಕರಿಗೆ ತಿಳಿಸಿ.