ಬೀದರ್ ಕತ್ತಲಲ್ಲಿ ಇಳಿದ ಸಿಡ್ನಿ ಕಾಟನ್

ಬೀದರ್‌ಗೆ ವಿಮಾನದಲ್ಲಿ ಹೋದವರಿಗೆ ಗೊತ್ತಿರುತ್ತೆ, ಅಲ್ಲಿ ಕಿಟಕಿಯಿಂದ ಫೋಟೋ ತೆಗೆಯೋ ಹಾಗಿಲ್ಲ. ಅದು ವಾಯುಪಡೆಯ ನೆಲೆ. ನಮ್ಮಂಥ ಪ್ರಯಾಣಿಕರಿಗೆ ಅಂತ ಟರ್ಮಿನಲ್ ಶುರುವಾಗಿದ್ದೇ 2020ರಲ್ಲಿ. ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳು ಇರೋದೂ ಅಲ್ಲೇ. ನಾನು ಒಂದೇ ಒಂದು ಸಲ ಆ ದಾರಿಯಲ್ಲಿ ಊರಿಗೆ ಹೋಗಿದ್ದೇನೆ, ಉಳಿದದ್ದೆಲ್ಲ ರಾತ್ರಿ ಬಸ್ಸು. ಫೋನ್ ಜೇಬಿಗೆ ಹಾಕಿ ಸುಮ್ಮನೆ ಕೆಳಗಿನ ಕೆಂಪು ಮಣ್ಣು ನೋಡ್ತಾ ಕೂತಿದ್ದೆ. ಇದೇ ಬೀದರ್‌ನಲ್ಲಿ 1948ರಲ್ಲಿ ಯಾರ ಪರ್ಮಿಷನ್ನೂ ಇಲ್ಲದೆ, ಲೈಟ್ ಆರಿಸಿಕೊಂಡು, ಬಂದೂಕು ತುಂಬಿದ ವಿಮಾನಗಳು ಇಳಿದಿದ್ದವು ಅನ್ನೋದು ಆಗ ನನಗೆ ಗೊತ್ತಿರಲಿಲ್ಲ. ಅವನ್ನು ತರಿಸಿದ ಮನುಷ್ಯ, ವಿಮಾನದಿಂದ ಕದ್ದು ಫೋಟೋ ತೆಗೆಯೋದರಲ್ಲಿ ಆ ಕಾಲಕ್ಕೆ ಜಗತ್ತಿಗೇ ಗುರು ಅನ್ನೋದೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ನಮ್ಮ ಮುತ್ಯಾನಿಂದ. ನಮ್ಮೂರು ಮುಡಬಿ, ಬಸವಕಲ್ಯಾಣ ತಾಲ್ಲೂಕು. ಮುತ್ಯಾ ಸಣ್ಣವನಿದ್ದಾಗ ರಾತ್ರಿ ಹೊತ್ತು ಆಕಾಶದಲ್ಲಿ ಗುಂಯ್ ಅನ್ನೋ ಸಪ್ಪಳ ಕೇಳುತ್ತಿತ್ತಂತೆ, ಮನೆಯವರೆಲ್ಲ ದೀಪ ಆರಿಸಿ ಕೂರುತ್ತಿದ್ದರಂತೆ. ರಜಾಕಾರರ ಕಾಲದ ಕಥೆ ನಮ್ಮ ಕಡೆ ಮನೆಗೊಂದಿದೆ, ಆದರೆ ವಿಮಾನದ ಕಥೆ ನಾನು ಅದೇ ಮೊದಲು ಕೇಳಿದ್ದು. ಹುಡುಕಿದೆ. ಸಿಕ್ಕ ಹೆಸರು ಸಿಡ್ನಿ ಕಾಟನ್.

ಫ್ರೆಡರಿಕ್ ಸಿಡ್ನಿ ಕಾಟನ್ ಹುಟ್ಟಿದ್ದು 1894ರ ಜೂನ್ 17ರಂದು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಮನೆತನದ ಕಸುಬು ದನ ಸಾಕಾಣಿಕೆ. ಓದಿದ್ದು ಸ್ವಲ್ಪ ಅಲ್ಲಿ, ಸ್ವಲ್ಪ ಇಂಗ್ಲೆಂಡ್‌ನಲ್ಲಿ. ಮೊದಲನೇ ಮಹಾಯುದ್ಧ ಬಂದಾಗ 1915ರಲ್ಲಿ ಬ್ರಿಟನ್ನಿನ ನೌಕಾ ವಾಯುದಳ ಸೇರಿದ. ಒಬ್ಬನೇ ಐದು ಗಂಟೆ ಹಾರಿಸಿದ ಅನುಭವದ ಮೇಲೆ ಯುದ್ಧಕ್ಕೆ ಕಳಿಸಿಬಿಟ್ಟರಂತೆ. ನಮ್ಮಲ್ಲಿ ಲರ್ನರ್ಸ್ ಲೈಸೆನ್ಸ್‌ಗೂ ಅದಕ್ಕಿಂತ ಹೆಚ್ಚು ದಿನ ಕಾಯಬೇಕು.

ಆಗಿನ ವಿಮಾನದ ಕಾಕ್‌ಪಿಟ್‌ಗೆ ಮೇಲ್ಛಾವಣಿ ಇರಲಿಲ್ಲ. ಪೈಲಟ್‌ಗಳು ಚಳಿಗೆ ಮರಗಟ್ಟಿ ಇಳಿಯುತ್ತಿದ್ದರು. ಒಂದು ದಿನ ಕಾಟನ್ ಇಂಜಿನ್ ರಿಪೇರಿ ಮಾಡ್ತಾ ಇದ್ದಾಗ ಕರೆ ಬಂತು, ಎಣ್ಣೆ ಗ್ರೀಸ್ ಮೆತ್ತಿದ ಓವರಾಲ್‌ನಲ್ಲೇ ಹತ್ತಿ ಹೋದ. ವಾಪಸ್ ಬಂದಾಗ ಉಳಿದವರೆಲ್ಲ ನಡುಗುತ್ತಿದ್ದರು, ಇವನೊಬ್ಬ ಬೆಚ್ಚಗಿದ್ದ. ಬೇರೆ ಯಾರಾದರೂ ಆಗಿದ್ದರೆ ಅದೃಷ್ಟ ಅಂದುಕೊಂಡು ಸುಮ್ಮನಾಗುತ್ತಿದ್ದರು. ಇವನು ಯಾಕೆ ಅಂತ ಯೋಚಿಸಿದ. ಗ್ರೀಸ್ ಬಟ್ಟೆಯ ಸಂದುಗಳನ್ನು ಮುಚ್ಚಿ, ಗಾಳಿ ಒಳಗೆ ಬರದ ಹಾಗೆ, ಮೈಯ ಶಾಖ ಹೊರಗೆ ಹೋಗದ ಹಾಗೆ ಮಾಡಿತ್ತು. ಸೀದಾ ಲಂಡನ್ನಿಗೆ ಹೋಗಿ ಹೊರಗೆ ತೆಳು ಬಟ್ಟೆ, ನಡುವೆ ಗಾಳಿಯಾಡದ ರೇಷ್ಮೆ, ಒಳಗೆ ತುಪ್ಪಳ ಇರುವ ಇಡೀ ಮೈಯ ಸೂಟ್ ಹೊಲಿಸಿದ. 1917ರ ಆ ಸೂಟ್‌ಗೆ ಅವನ ಹೆಸರನ್ನೇ ಮುರಿದು ಸಿಡ್‌ಕಾಟ್ ಅಂತ ಕರೆದರು. ಎರಡನೇ ಮಹಾಯುದ್ಧ ಮುಗಿದ ಮೇಲೂ ಅದು ಬಳಕೆಯಲ್ಲಿತ್ತು. ಹೀಟ್ ಟ್ರಾನ್ಸ್‌ಫರ್ ಪೇಪರ್‌ನಲ್ಲಿ ಒದ್ದಾಡೋ ನಮಗೆ ಈ ಮನುಷ್ಯ ಗ್ರೀಸ್ ನೋಡಿ ಕಲಿತದ್ದು ಸ್ವಲ್ಪ ಹೊಟ್ಟೆಕಿಚ್ಚು ತರಿಸುತ್ತದೆ.

ಅದೇ ವರ್ಷ ಮೇಲಧಿಕಾರಿಗಳ ಜೊತೆ ಜಗಳ ಮಾಡಿಕೊಂಡು ನೌಕರಿ ಬಿಟ್ಟ. ಇದು ಅವನ ಜೀವನದ ಉದ್ದಕ್ಕೂ ನಡೆದ ಮಾತು: ಕೆಲಸ ಚೆಂದ ಮಾಡೋದು, ನಿಯಮ ಮುರಿಯೋದು, ಜಗಳ, ಹೊರಗೆ. ಆಮೇಲೆ ನ್ಯೂಫೌಂಡ್‌ಲ್ಯಾಂಡ್‌ನ ಹಿಮದಲ್ಲಿ ವಿಮಾನದಿಂದ ಟಪಾಲು ಹಾಕಿದ, ಸೀಲ್ ಬೇಟೆಯವರಿಗೆ ಮೇಲಿಂದ ಹಿಂಡು ಹುಡುಕಿಕೊಟ್ಟ, ಬಣ್ಣದ ಫಿಲಂ ಮಾರುವ ವ್ಯಾಪಾರಕ್ಕೆ ಇಳಿದ. ದುಡ್ಡು ಬರುತ್ತಿತ್ತು, ಹೋಗುತ್ತಿತ್ತು.

1938ರಲ್ಲಿ ಬ್ರಿಟನ್ನಿನ ಗುಪ್ತಚರ ಇಲಾಖೆ ಅವನನ್ನು ಹುಡುಕಿಕೊಂಡು ಬಂತು. ಜರ್ಮನಿಯ ಕೋಟೆಕೊತ್ತಲ, ವಿಮಾನ ನೆಲೆಗಳ ಚಿತ್ರ ಬೇಕು, ಆದರೆ ಮಿಲಿಟರಿ ವಿಮಾನ ಕಳಿಸೋ ಹಾಗಿಲ್ಲ. ಕಾಟನ್ ಲಾಕ್‌ಹೀಡ್ 12ಎ ಅನ್ನೋ ಚಿಕ್ಕ ಪ್ರಯಾಣಿಕ ವಿಮಾನದ ಹೊಟ್ಟೆಯಲ್ಲಿ ಮೂರು ಕ್ಯಾಮೆರಾ ಅಡಗಿಸಿದ, ಅವುಗಳ ಮುಂದೆ ಮುಚ್ಚಿಕೊಳ್ಳುವ ಬಾಗಿಲು. ಎತ್ತರದಲ್ಲಿ ಚಳಿಗೆ ಲೆನ್ಸ್ ಮಂಜುಗಟ್ಟುತ್ತದೆ ಅನ್ನೋದೇ ಅಲ್ಲಿಯವರೆಗಿನ ದೊಡ್ಡ ತಲೆನೋವು. ಇವನ ವಿಮಾನದಲ್ಲಿ ಬಾಗಿಲು ತೆರೆದಾಗ ಕ್ಯಾಬಿನ್ನಿನ ಬಿಸಿ ಗಾಳಿ ಲೆನ್ಸ್ ಪಕ್ಕದಿಂದಲೇ ಹೊರಗೆ ಹೋಗುತ್ತಿತ್ತು, ಗಾಜು ಒಣಗಿಯೇ ಇರುತ್ತಿತ್ತು. ಮತ್ತೆ ಅದೇ ಬಿಸಿಗಾಳಿಯ ಪಾಠ! ವ್ಯಾಪಾರಿಯ ವೇಷದಲ್ಲಿ ಹೋಗಿ ಬಂದ. 1939ರ ಜುಲೈನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಜರ್ಮನ್ ವಾಯುಪಡೆಯ ಕೆಸೆಲ್ರಿಂಗ್‌ನನ್ನೇ ವಿಮಾನದಲ್ಲಿ ಸುತ್ತಾಡಿಸಿ, ಅವನು ಕೂತಿದ್ದಾಗಲೇ ಕೆಳಗಿನ ಕ್ಯಾಮೆರಾ ಓಡಿಸಿದ ಅಂತ ಹೇಳುತ್ತಾರೆ. ಕಾಟನ್ ಕಥೆ ಹೇಳೋದರಲ್ಲೂ ನಿಸ್ಸೀಮ, ಸ್ವಲ್ಪ ಉಪ್ಪುಖಾರ ಕಳೆದು ನಂಬಬಹುದು.

ಯುದ್ಧ ಶುರುವಾದ ಮೇಲೆ ಹೆಸ್ಟನ್ ವಿಮಾನ ನಿಲ್ದಾಣದಲ್ಲಿ ಅವನಿಗೊಂದು ತಂಡ ಕೊಟ್ಟರು. ಮಾರಿಸ್ ಲಾಂಗ್‌ಬಾಟಮ್ ಅನ್ನೋ ಅಧಿಕಾರಿಯ ಜೊತೆ ಸೇರಿ ಸ್ಪಿಟ್‌ಫೈರ್‌ನಿಂದ ಬಂದೂಕುಗಳನ್ನೇ ಕಿತ್ತು ಹಾಕಿದ. ರಂಧ್ರಗಳನ್ನೆಲ್ಲ ಮುಚ್ಚಿ, ಮೈ ತಿಕ್ಕಿ ನುಣುಪು ಮಾಡಿ, ತಿಳಿ ಹಸಿರು ಬಣ್ಣ ಬಳಿದು ಕ್ಯಾಮೆರಾ ಕೂರಿಸಿದ. ಹೊಡೆಯೋ ವಿಮಾನದಿಂದ ಹೊಡೆಯೋ ಶಕ್ತಿ ತೆಗೆದರೆ ಏನು ಉಳಿಯುತ್ತೆ? ವೇಗ ಉಳಿಯುತ್ತೆ, ಎತ್ತರ ಉಳಿಯುತ್ತೆ. 1939ರ ನವೆಂಬರ್ 18ರಂದು ಅಂಥ ಸ್ಪಿಟ್‌ಫೈರ್ 30 ಸಾವಿರ ಅಡಿಗೂ ಮೇಲಿಂದ ಮೊದಲ ಸಲ ಫೋಟೋ ತೆಗೆಯಲು ಹೊರಟಿತು. ಮಿತ್ರರಾಷ್ಟ್ರಗಳ ವೈಮಾನಿಕ ಛಾಯಾಗ್ರಹಣ ಬೆಳೆದದ್ದು ಈ ಬೇರಿನಿಂದ. ಆದರೆ 1940ರ ಜೂನ್‌ನಲ್ಲಿ ಕಾಟನ್‌ನನ್ನು ತೆಗೆದು ಹಾಕಿದರು. ಮುಂದಿನ ವರ್ಷ ಒಂದು ಪದಕ ಕೊಟ್ಟರು, ತಂಡ ಮಾತ್ರ ಕೊಡಲಿಲ್ಲ.

ಈಗ ನಮ್ಮ ಕಡೆಗೆ ಬರೋಣ.

ಹಾಸ್ಟೆಲ್‌ನಲ್ಲಿ ಮೈಸೂರು, ಮಂಗಳೂರು ಕಡೆಯ ಗೆಳೆಯರು ಸೆಪ್ಟೆಂಬರ್ 17ಕ್ಕೆ ನಿಮಗೆ ಮಾತ್ರ ಏನು ಹಬ್ಬ ಅಂತ ಕೇಳ್ತಾರೆ, ಅವರಿಗಾಗಿ ಎರಡು ಮಾತು. 1947ರ ಆಗಸ್ಟ್‌ನಲ್ಲಿ ಬೀದರ್, ಕಲಬುರಗಿ, ರಾಯಚೂರು ಭಾರತದಲ್ಲಿ ಇರಲಿಲ್ಲ, ಹೈದರಾಬಾದ್ ನಿಜಾಮನ ರಾಜ್ಯದಲ್ಲಿದ್ದವು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ನವೆಂಬರ್ 29ಕ್ಕೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಒಳಗೆ ಕಾಸಿಂ ರಜ್ವಿಯ ರಜಾಕಾರರ ಹಾವಳಿ. 1948ರ ಮೇನಲ್ಲಿ ನಮ್ಮ ಪಕ್ಕದ ಗೋರ್ಟಾದಲ್ಲಿ ಜನರನ್ನು ಸಾಲಾಗಿ ಕೊಂದರು. ಆ ಊರಿನ ಹೆಸರು ಬಂದರೆ ಮುತ್ಯಾ ಇವತ್ತಿಗೂ ಮಾತು ಬದಲಿಸುತ್ತಾನೆ. ಹೊರಗಿನಿಂದ ಭಾರತ ಸರಕು ಸಾಗಣೆ ತಡೆದಿತ್ತು. ಸುತ್ತ ನಾಲ್ಕೂ ಕಡೆ ಭಾರತದ ನೆಲ, ಸಮುದ್ರವಿಲ್ಲ. ನಿಜಾಮನಿಗೆ ಉಳಿದದ್ದು ಒಂದೇ ದಾರಿ, ಮೇಲಿನದು.

ಆ ದಾರಿಗೆ ಸಿಕ್ಕವನು ಕಾಟನ್. ಲ್ಯಾಂಕಾಸ್ಟರ್ ಬಾಂಬರ್ ಅನ್ನೇ ನಾಗರಿಕ ಬಳಕೆಗೆ ಬದಲಿಸಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳನ್ನು ಹೊಂದಿಸಿಕೊಂಡ. ನಾಲ್ಕು ಮರ್ಲಿನ್ ಇಂಜಿನ್. ಅವನ ಸ್ಪಿಟ್‌ಫೈರ್‌ಗೆ ಇದ್ದದ್ದೂ ಅದೇ ಜಾತಿಯ ಇಂಜಿನ್ನು. ಕರಾಚಿಯಿಂದ ಬೀದರ್‌ಗೆ ನೇರ ಗೆರೆ ಎಳೆದರೆ ಸುಮಾರು 1300 ಕಿಲೋಮೀಟರ್, ನಾಲ್ಕು ಗಂಟೆಯೊಳಗಿನ ಹಾದಿ. ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಬಲ್ಲ ವಿಮಾನ ಅದು, ಅಂದರೆ ಇಳಿದ ಕಡೆ ಪೆಟ್ರೋಲ್ ಕೇಳೋ ಗೋಜೇ ಇಲ್ಲ. ಬರೋದು, ಸಾಮಾನು ಇಳಿಸೋದು, ಬೆಳಗಾಗೋ ಮುಂಚೆ ವಾಪಸ್. 1948ರ ಮಳೆಗಾಲದಲ್ಲಿ ಹೀಗೆ ಬೀದರ್, ವಾರಂಗಲ್‌ಗಳಲ್ಲಿ ಮತ್ತೆ ಮತ್ತೆ ಇಳಿದವು. ಬಂದೂಕು, ಮದ್ದುಗುಂಡು. ಜೊತೆಗೆ ಔಷಧಿ ಕೂಡ.

ಭಾರತದ ವಾಯುಪಡೆ ಯಾಕೆ ತಡೆಯಲಿಲ್ಲ ಅನ್ನೋದು ನಮ್ಮ ಬ್ರಾಂಚಿನವರಿಗೆ ಮೊದಲು ಬರೋ ಪ್ರಶ್ನೆ. ನಮ್ಮ ಟೆಂಪೆಸ್ಟ್ ವಿಮಾನಗಳು ಹಗಲಲ್ಲಿ ಹುಲಿ. ರಾತ್ರಿ, ಕತ್ತಲಲ್ಲಿ, ರೇಡಾರ್ ಇಲ್ಲದ ವಿಮಾನ ಇನ್ನೊಂದನ್ನು ಆಕಾಶದಲ್ಲಿ ಹುಡುಕೋದು ಸಾಸಿವೆ ರಾಶಿಯಲ್ಲಿ ರಾಗಿ ಕಾಳು ಹೆಕ್ಕಿದಂತೆ. ರಾತ್ರಿ ಬೇಟೆಗೆಂದೇ ಮಾಡಿದ ವಿಮಾನ ಆಗ ನಮ್ಮಲ್ಲಿರಲಿಲ್ಲ, ಕಾಶ್ಮೀರದ ಯುದ್ಧ ಬೇರೆ ನಡೀತಿತ್ತು. ದೇಶದ ಮೇಲಿನ ಆಕಾಶ ಆ ದೇಶದ್ದೇ ಅಂತ 1944ರ ಶಿಕಾಗೊ ಒಪ್ಪಂದ ಬರೆದಿಟ್ಟಿತ್ತು ನಿಜ, ಆದರೆ ಕಾಗದ ಹಾರಿ ಹೋಗಿ ವಿಮಾನ ಹಿಡಿಯೋದಿಲ್ಲ. ದೆಹಲಿ ಬ್ರಿಟನ್‌ಗೂ ಪಾಕಿಸ್ತಾನಕ್ಕೂ ದೂರು ಕೊಟ್ಟಿತು.

ಜನ ಏನಂದುಕೊಂಡರು? ಎಲ್ಲಿ ನಿಂತು ನೋಡಿದರು ಅನ್ನೋದರ ಮೇಲೆ. ನಿಜಾಮನ ಪರ ಇದ್ದವರಿಗೆ ಅವನು ದಿಗ್ಬಂಧನ ಮುರಿದ ವೀರ. ಭಾರತದವರಿಗೆ ಕಳ್ಳ. ಇಂಗ್ಲೆಂಡಿನಲ್ಲಿ ಒಂದಷ್ಟು ಜನರಿಗೆ ಸಾಹಸ ಕಥೆಯ ಪಾತ್ರ. ಜೇಮ್ಸ್ ಬಾಂಡ್‌ನಲ್ಲಿ ಇವನ ನೆರಳಿದೆ ಅನ್ನೋರು ಈಗಲೂ ಇದ್ದಾರೆ. 2018ರ ಆಗಸ್ಟ್ 10ರಂದು ಅಮೆರಿಕದ ಸಿಯಾಟಲ್‌ನಲ್ಲಿ ವಿಮಾನ ನಿಲ್ದಾಣದ ನೌಕರನೊಬ್ಬ ಖಾಲಿ ಕ್ಯೂ400 ವಿಮಾನವನ್ನು ತಾನೇ ಹಾರಿಸಿಕೊಂಡು ಹೋಗಿ ಕೊನೆಗೆ ದ್ವೀಪವೊಂದರಲ್ಲಿ ಬಿದ್ದು ಸತ್ತ. ಆಗಲೂ ಒಂದು ಗುಂಪು ಅವನನ್ನು ಹೀರೋ ಮಾಡಿತು, ಇನ್ನೊಂದು ಗುಂಪು ಸೆಕ್ಯುರಿಟಿ ಎಲ್ಲಿ ಸತ್ತಿತ್ತು ಅಂತ ಬೈಯಿತು. ಅವನ ಹತ್ತಿರ ಸರಿಯಾದ ಐಡಿ ಕಾರ್ಡೇ ಇತ್ತು, ಬೇಲಿ ಹಾರಿರಲಿಲ್ಲ. ಕಾಟನ್‌ನೂ ಹಾಗೇ. ಫ್ರಾಂಕ್‌ಫರ್ಟ್‌ನಲ್ಲಿ ಜರ್ಮನ್ನರೇ ಕರೆದು ಕೂರಿಸಿದರು, ಬೀದರ್‌ನಲ್ಲಿ ಆ ನೆಲದ ಒಡೆಯನೇ ಗೇಟು ತೆಗೆದ.

ನನಗೂ ಮೊದಲು ಅವನು ಹೀರೋ ಥರಾನೇ ಕಂಡ, ಸುಳ್ಳು ಯಾಕೆ ಹೇಳಲಿ. ಗ್ರೀಸ್, ಲೆನ್ಸ್, ಸ್ಪಿಟ್‌ಫೈರ್, ಎಲ್ಲ ನಮ್ಮ ಥರದವರ ಕಥೆ. ಬೀದರ್‌ಗೆ ಬಂದಾಗ ಓದು ನಿಂತಿತು. ಆ ಪೆಟ್ಟಿಗೆಗಳಲ್ಲಿದ್ದ ಬಂದೂಕು ಯಾರ ಕೈಗೆ ಹೋಯಿತು, ಯಾವ ಊರಿನ ಕಡೆ ತಿರುಗಿತು ಅಂತ ಅವನು ಕೇಳಿದ ಹಾಗೆ ಕಾಣೋದಿಲ್ಲ. ಮುತ್ತಿಗೆಯಲ್ಲಿರುವ ನಾಡಿಗೆ ನೆರವು ಕೊಟ್ಟೆ ಅನ್ನೋದು ಅವನ ಲೆಕ್ಕ. ಔಷಧಿ ಇದ್ದದ್ದೂ ನಿಜ. ಆದರೆ ಗ್ರೀಸ್ ಕಂಡಾಗ ಯಾಕೆ ಅಂತ ಕೇಳಿದವನು ಇಲ್ಲಿ ಯಾಕೆ ಕೇಳಲಿಲ್ಲ?

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. ಮೊದಲ ದಿನವೇ ಬೀದರ್, ವಾರಂಗಲ್ ವಿಮಾನ ನೆಲೆಗಳ ಮೇಲೆ ಬಾಂಬು ಬಿತ್ತು. ಸೊಲ್ಲಾಪುರದ ಕಡೆಯಿಂದ ಬಂದ ಪಡೆ ನಳದುರ್ಗ, ಉಮರ್ಗಾ ದಾಟಿ ನಮ್ಮ ರಾಜೇಶ್ವರಕ್ಕೆ ಬಂತು, ಈಗ ನಾವು ಹೈದರಾಬಾದ್ ಬಸ್ಸು ಹತ್ತುವ ಅದೇ ಹೆದ್ದಾರಿಯಲ್ಲಿ. ಆ ದಾರಿಯಲ್ಲಿ ಹೊಂಚು ಹಾಕಿದ್ದವರನ್ನು ಮೊದಲು ಕಂಡು ಹಿಡಿದದ್ದು ವಿಮಾನದಿಂದ ನೋಡಿ. ಮೇಲಿಂದ ಕಣ್ಣಿಡೋ ವಿದ್ಯೆಯನ್ನು ಬೆಳೆಸಿದವನ ಗಿರಾಕಿಯೇ ಅದಕ್ಕೆ ಸಿಕ್ಕಿಬಿದ್ದ. ಆಮೇಲೆ ಟೆಂಪೆಸ್ಟ್‌ಗಳು ಬಂದವು. 17ರಂದು ಎಲ್ಲ ಮುಗಿಯಿತು. ಮುಗಿಯಿತು ಅಂತ ಬರೆಯೋದು ಸುಲಭ. ಆಮೇಲಿನ ವಾರಗಳಲ್ಲಿ ಬೀದರ್ ಸುತ್ತಮುತ್ತ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಗಂಡಸರು ಉಳಿಯಲಿಲ್ಲ; ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅದನ್ನೆಲ್ಲ ಬರೆದಿಟ್ಟಿದೆ. ಮುತ್ಯಾ ಅದಕ್ಕೂ ಮಾತು ಬದಲಿಸುತ್ತಾನೆ.

ಕಾಟನ್‌ಗೆ ಬ್ರಿಟನ್ನಿನ ಕೋರ್ಟು ಹಾಕಿದ ದಂಡ 200 ಪೌಂಡ್. ಅಷ್ಟೇ. ಅವನು ಕಟ್ಟಿ ಮುಂದೆ ಹೋದ. ಕೊನೆಗಾಲಕ್ಕೆ ದುಡ್ಡು ಕರಗಿತ್ತು. ತನ್ನ ಕಥೆಯನ್ನು ರಾಲ್ಫ್ ಬಾರ್ಕರ್ ಅನ್ನೋ ಲೇಖಕನಿಗೆ ಹೇಳಿ ಬರೆಸಿದ. 1969ರ ಫೆಬ್ರವರಿ 13ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡ, 74 ವರ್ಷ. ಕ್ಯಾಮೆರಾ ಅಡಗಿಸಿದ್ದ ಆ ಲಾಕ್‌ಹೀಡ್ ವಿಮಾನ ಮಾತ್ರ ಇನ್ನೂ ಉಳಿದಿದೆ.

ರಜೆಯಲ್ಲಿ ಊರಿಗೆ ಹೋದಾಗ ಮುತ್ಯಾನಿಗೆ ಫೋನಿನಲ್ಲಿ ಎರಡು ಸದ್ದು ಕೇಳಿಸಿದೆ. ಒಂದು, ಇನ್ನೂ ಹಾರುತ್ತಿರುವ ಲ್ಯಾಂಕಾಸ್ಟರ್‌ನ ನಾಲ್ಕು ಮರ್ಲಿನ್. ಇನ್ನೊಂದು ಟೆಂಪೆಸ್ಟ್‌ಗಿದ್ದ ಸೆಂಟಾರಸ್ ಇಂಜಿನ್ನು. ಕರಾಚಿಯಿಂದ ಬೀದರ್‌ಗೆ ಬರೋ ವಿಮಾನ ಮುಡಬಿ ಮೇಲೆ ಹಾಯಬೇಕಿಲ್ಲ, ಹಾಗಾಗಿ ಅವನು ಕೇಳಿದ್ದು ಸೆಪ್ಟೆಂಬರ್‌ನ ಟೆಂಪೆಸ್ಟ್ ಇರಬೇಕು ಅನ್ನೋದು ನನ್ನ ಲೆಕ್ಕ. ಮುತ್ಯಾ ಕಣ್ಣು ಮುಚ್ಚಿ ಎರಡನ್ನೂ ಕೇಳಿದ. ಮೊದಲನೆಯದನ್ನು ಇನ್ನೊಂದು ಸಲ ಹಚ್ಚು ಅಂತ ಕೈಸನ್ನೆ ಮಾಡಿದ. ಅರ್ಧಕ್ಕೇ ಬಂದ್ ಮಾಡಿಸಿ, ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ.